ಮಳೆಗಾಲಕ್ಕೂ ನಿಲ್ಲದ ನಮ್ಮ ಬಿಪಿ ಗುಂಪು

ಹೊಸನಗರ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಬಿಪಿ, ಶುಗರ್ ಇರುವವರಿಗೆ ಒಟ್ಟಿಗೆ ವ್ಯಾಯಾಮ ಮಾಡಿಸಲು ಹೊರಟಾಗ ಊರಿನವರು ಕೇಳಿದ್ದು ಒಂದೇ: "ತೋಟದ ಕೆಲಸ ಮಾಡೋರಿಗೆ ಎಂತಕ್ಕೆ ಮೇಡಂ ವ್ಯಾಯಾಮ?"

ಕೇಳುವುದು ಸರಿಯೇ. ಆದರೆ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ ಗಂಟೆಗಟ್ಟಲೆ ಏಳುವುದಿಲ್ಲ. ಆಷಾಢದ ಮಳೆ ಹಿಡಿದರೆ ಮನೆಯಿಂದ ಹೊರಬೀಳುವುದಿಲ್ಲ. ಬಿಪಿ ಹತೋಟಿಗೆ ವರ್ಷಪೂರ್ತಿ ಬಿಡದೆ ಮೈ ದಣಿಸಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಮೂರು ದಿನ, 50 ನಿಮಿಷ ಅಂತ ಹಂಚಿಕೊಂಡೆವು. ಜಾಗ ಸಮುದಾಯ ಭವನ, ಹೊತ್ತು ಸಂಜೆ ಕೊಟ್ಟಿಗೆ ಕೆಲಸಕ್ಕೆ ಮುಂಚೆ.

ಬಂದವರು ಮೊದಲು ಕುರ್ಚಿಗೆ ಒರಗಿ ಐದು ನಿಮಿಷ ಸುಮ್ನೆ ಕೂರಬೇಕು. ಮಾತಿಲ್ಲ, ಕಾಲಿನ ಮೇಲೆ ಕಾಲಿಲ್ಲ. ಅರ್ಧ ಗಂಟೆ ಮುಂಚಿನಿಂದ ಕಾಫಿ ಇಲ್ಲ, ಹೊಗೆಸೊಪ್ಪಿನ ಕವಳವೂ ಇಲ್ಲ. ತೋಳು ಎದೆಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಟ್ಟು ಬಿಪಿ ನೋಡುತ್ತೇನೆ. ಮೇಲಿನದ್ದು 180 ಅಥವಾ ಕೆಳಗಿನದ್ದು 110 ಮುಟ್ಟಿದ್ದರೆ ಅವತ್ತು ವ್ಯಾಯಾಮ ಮಾಡಿಸುವುದಿಲ್ಲ, ವೈದ್ಯರಿಗೆ ಫೋನ್ ಮಾಡುತ್ತೇನೆ. ಇನ್ಸುಲಿನ್ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬರುವಂತಿಲ್ಲ. ಶುಗರ್ ತೀರಾ ಇಳಿದುಬಿಟ್ಟರೆ ಕೊಡಲು ಮೇಜಿನ ಮೇಲೆ ಸಕ್ಕರೆ ಡಬ್ಬಿ ಇದ್ದೇ ಇರುತ್ತದೆ.

ಮೊದಲು ನಿಧಾನದ ನಡಿಗೆ. ಆಮೇಲೆ ಭವನದ ಸುತ್ತ ಬಿರುಸಾಗಿ ಸುತ್ತು, ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು. ಮಂಡಿನೋವಿದ್ದವರು ಕೂತಲ್ಲೇ ಕಾಲೆತ್ತುತ್ತಾರೆ. ಎಲ್ಲರೂ ಗಟ್ಟಿಯಾಗಿ ಎಣಿಸಲೇಬೇಕು. ಉಸಿರು ಬಿಗಿಹಿಡಿದರೆ ಬಿಪಿ ದಿಢೀರನೆ ಏರುತ್ತದೆ. ಬಾಯಲ್ಲಿ ಎಣಿಕೆ ನಡೀತಿದ್ದರೆ ಉಸಿರು ಹಿಡಿಯುವುದು ಹೇಗೆ, ಅಲ್ವಾ? ಎಷ್ಟು ಬಿರುಸು ಸಾಕು ಅನ್ನುವುದನ್ನು ನಾಡಿ ನೋಡಿ ಹೇಳಲಾಗದು, ಅಟೆನೊಲಾಲ್‌ನಂಥ ಬಿಪಿ ಮಾತ್ರೆ ನುಂಗುವವರಿಗೆ ನಾಡಿ ಅಷ್ಟಾಗಿ ಏರುವುದೇ ಇಲ್ಲ. ಅದಕ್ಕೇ ನಡೆಯುವಾಗ ಮಾತಾಡಿಸುತ್ತೇನೆ. ಮಾತು ಬರಬೇಕು, ಹಾಡಲು ಆಗಬಾರದು. ನಮ್ಮ ಹೆಂಗಸರು ಸೋಬಾನೆಯ ಒಂದು ಸಾಲು ಎತ್ತಿ ತಾವೇ ನೋಡಿಕೊಳ್ಳುತ್ತಾರೆ. ಕೊನೆಗೆ ಮತ್ತೆ ನಿಧಾನದ ನಡಿಗೆ. ತಟ್ಟನೆ ನಿಂತರೆ ತಲೆಸುತ್ತು ಬರಬಹುದು.

ಹೀಗೆ ಬಿಡದೆ ಮಾಡಿದರೆ ಮೇಲಿನ ಬಿಪಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತದೆ. ಹಾಗಂತ ಮಾತ್ರೆ ಬಿಡುವ ಹಾಗಿಲ್ಲ. ನನ್ನ ಮಟ್ಟಿಗೆ ಗುಂಪಿನ ದೊಡ್ಡ ಲಾಭ ಬೇರೆಯೇ. ಯಾರಾದರೂ ಬರದಿದ್ದರೆ ಉಳಿದವರು ವಿಚಾರಿಸುತ್ತಾರೆ. ಮಳೆಗೆ ಬಸ್ಸು ಬಾರದೆ ಒಬ್ಬ ಅಜ್ಜಿಯ ಮಾತ್ರೆ ಮುಗಿದಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ಪಕ್ಕದ ಮನೆಯಾಕೆ ಗುಂಪಿಗೆ ಬಂದು ಹೇಳಿದರು, ಮರುದಿನವೇ ಆಶಾ ಕಾರ್ಯಕರ್ತೆ ಮಾತ್ರೆ ಮುಟ್ಟಿಸಿದರು. ಒಬ್ಬೊಬ್ಬರೇ ಮನೆಯಲ್ಲಿ ನಡೆದಾಡಿಕೊಂಡಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಉಪ್ಪಿನ ಮಾತೂ ಅಲ್ಲೇ ಬರುತ್ತದೆ. ದಿನಕ್ಕೆ 5 ಗ್ರಾಂ ದಾಟಬಾರದು ಅಂದರೆ ಮಿಡಿ ಉಪ್ಪಿನಕಾಯಿ ನೆನೆದು ಎಲ್ಲರ ಮುಖ ಸಣ್ಣಗಾಗುತ್ತದೆ. ಆದರೂ ಊಟಕ್ಕೆ ಒಂದು ಮಿಡಿ ಹೋಗಿ ಅರ್ಧ ಮಿಡಿಗೆ ಬಂದವರಿದ್ದಾರೆ.

ಅಡಿಕೆ ಸುಗ್ಗಿಯಲ್ಲಿ ಯಾರೂ ಭವನದ ಕಡೆ ಬರುವುದಿಲ್ಲ. ಆಗ ಸುಲಿಯುವ ಚಪ್ಪರಕ್ಕೆ ನಾನೇ ಹೋಗುತ್ತೇನೆ. ಮನೆ ಯಜಮಾನರೂ ಕತ್ತಿ ಬಿಟ್ಟು ಎದ್ದು ನಮ್ಮ ಜೊತೆ ಎಣಿಸುತ್ತಾರೆ.