ಮಕ್ಕಳ ತಟ್ಟೆಗೆ ಮೊಟ್ಟೆ ಬಂದ ದಾರಿ: ಊರಿನ ಸಮಸ್ಯೆ ಸರ್ಕಾರಿ ಆದೇಶ ಆಗುವುದು ಹೇಗೆ?

ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಈಗ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಾಮೂಲಿ. ಆದರೆ ಆ ಪ್ರಸ್ತಾವ ಹಿಂದೊಮ್ಮೆ ಬಂದು, ವಿರೋಧಕ್ಕೆ ಸಿಕ್ಕಿ ಮೂಲೆ ಸೇರಿತ್ತು. ಮತ್ತೆ ಹೇಗೆ ಎದ್ದು ಬಂತು? ಆ ದಾರಿ ಗೊತ್ತಿದ್ದರೆ ನಿಮ್ಮೂರಿನ ಬೇಡಿಕೆಯನ್ನು ಯಾವಾಗ, ಯಾರ ಮುಂದೆ ಇಡಬೇಕು ಎನ್ನುವುದೂ ಗೊತ್ತಾಗುತ್ತದೆ.

ಮೊದಲು: ಕಷ್ಟ ಲೆಕ್ಕಕ್ಕೆ ಸಿಗಬೇಕು

ಮಕ್ಕಳು ಸೊರಗಿದ್ದಾರೆ ಎಂದು ಮೇಷ್ಟ್ರಿಗೆ ಗೊತ್ತು, ಅಂಗನವಾಡಿ ಕಾರ್ಯಕರ್ತೆಗೆ ಗೊತ್ತು. ಇಲಾಖೆಗೆ ಬೇಕಾದದ್ದು ಸಂಖ್ಯೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅದನ್ನು ಕೊಟ್ಟಿತು. ಕರ್ನಾಟಕದಲ್ಲಿ 5 ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸ್ಥಿತಿ ಇನ್ನೂ ಕೆಟ್ಟದಾಗಿತ್ತು.

ನಿಮ್ಮ ಊರಲ್ಲೂ ಹೀಗೇ ಶುರು ಮಾಡಿ. 'ನೀರು ಸರಿಯಾಗಿ ಬರಲ್ಲ' ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಷ್ಟು ಮನೆ, ವಾರಕ್ಕೆ ಎಷ್ಟು ದಿನ, ಯಾವ ತಿಂಗಳಿಂದ ಎಂದು ಬರೆದುಕೊಂಡು ಗ್ರಾಮಸಭೆಗೆ ಹೋಗಿ. ಅರ್ಜಿ ಬರವಣಿಗೆಯಲ್ಲೇ ಇರಲಿ. ವಿಷಯ ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಕೊಂಡೇ ಎದ್ದು ಬನ್ನಿ. ನಡಾವಳಿಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು.

ಆಮೇಲೆ: ಯಾರಾದರೂ ಅದನ್ನು ಎತ್ತಬೇಕು

ಸಂಖ್ಯೆ ಇದ್ದರೂ ಸಾಲದು. ಸರ್ಕಾರದ ಮುಂದೆ ಒಂದೇ ಹೊತ್ತಿಗೆ ಸಾವಿರ ಕಷ್ಟಗಳು ನಿಂತಿರುತ್ತವೆ. ಕೋರ್ಟು, ಪತ್ರಿಕೆ, ಚಳವಳಿ, ಶಾಸಕರ ಪ್ರಶ್ನೆ, ಇವುಗಳಲ್ಲಿ ಯಾವುದೋ ಒಂದು ತಳ್ಳಿದಾಗ ಕಡತ ಮೇಲೆ ಬರುತ್ತದೆ. ಬಿಸಿಯೂಟವೇ ಹಾಗೆ ಬಂದದ್ದು. 1995ರಿಂದ ಮಕ್ಕಳಿಗೆ ಮನೆಗೆ ಒಯ್ಯಲು ಧಾನ್ಯ ಕೊಡುತ್ತಿದ್ದರು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕು ಎಂದಿತು. ಅದಾದ ಮೇಲೆ 2002–03ರಲ್ಲಿ ನಮ್ಮಲ್ಲಿ 'ಅಕ್ಷರ ದಾಸೋಹ' 7 ಜಿಲ್ಲೆಗಳಲ್ಲಿ ಆರಂಭವಾಯಿತು.

ನಿಮ್ಮ ಕೈಯಲ್ಲಿರುವ ಒಳ್ಳೆಯ ಹತಾರ ಶಾಸಕರ ಚುಕ್ಕೆ ಗುರುತಿನ ಪ್ರಶ್ನೆ. ಅದಕ್ಕೆ ಸಚಿವರು ಸದನದಲ್ಲೇ ಉತ್ತರಿಸಬೇಕಾಗುತ್ತದೆ. ಇಲಾಖೆ ಎಚ್ಚೆತ್ತುಕೊಳ್ಳುವುದು ಆಗ. ಅಧಿವೇಶನ ಶುರುವಾಗುವುದಕ್ಕೆ ಸಾಕಷ್ಟು ಮೊದಲೇ ನಿಮ್ಮ ಲೆಕ್ಕದ ಹಾಳೆ ಶಾಸಕರ ಕೈಗೆ ಸೇರಲಿ.

ಚಿಕ್ಕದಾಗಿ ಮಾಡಿ ನೋಡುವುದು

2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಮೊದಲು ಬಂದದ್ದು ಅಪೌಷ್ಟಿಕತೆ ಜಾಸ್ತಿ ಇದ್ದ 7 ಜಿಲ್ಲೆಗಳಿಗೆ, 1ರಿಂದ 8ನೇ ತರಗತಿಗೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿನಿಯರು 'ನಮಗೆ ಮೊಟ್ಟೆ ಬೇಕು' ಎಂದು ಎಲ್ಲರೆದುರು ಹೇಳಿದರು. ಯಾರ ತಟ್ಟೆಯ ಬಗ್ಗೆ ಚರ್ಚೆಯೋ ಅವರೇ ಬಾಯಿ ಬಿಟ್ಟಿದ್ದು ನನ್ನ ಪ್ರಕಾರ ಈ ಇಡೀ ಕಥೆಯ ದೊಡ್ಡ ಘಟ್ಟ.

ಇನ್ನೊಂದು ಕಡೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಒಂದು ಅಧ್ಯಯನ ಮಾಡಿತು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ತೂಕ ಹೆಚ್ಚು ಏರಿತ್ತು. ಮುಂದಿನ ಶೈಕ್ಷಣಿಕ ವರ್ಷ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು.

ಹಣ, ಆದೇಶ

ಎಷ್ಟೋ ಒಳ್ಳೆಯ ಯೋಚನೆಗಳು ನಿಂತುಹೋಗುವುದು ಆರ್ಥಿಕ ಇಲಾಖೆಯ ಮೇಜಿನ ಮೇಲೆ. ಬಜೆಟ್ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ ಬರುತ್ತದೆ, ಇಲಾಖೆಗಳು ಬೇಡಿಕೆ ಪಟ್ಟಿ ಮಾಡುವುದು ಅದಕ್ಕೆ ತಿಂಗಳುಗಳ ಮೊದಲು. ಬಜೆಟ್ ಓದಿದ ಮೇಲೆ ಮನವಿ ಕೊಟ್ಟರೆ ಒಂದು ವರ್ಷ ಸುಮ್ನೆ ಹೋಯಿತು ಅಂತಲೇ ಲೆಕ್ಕ.

ಎಲ್ಲ ಒಪ್ಪಿಗೆಯಾದ ಮೇಲೆ ಸರ್ಕಾರಿ ಆದೇಶ ಹೊರಡುತ್ತದೆ. ಅದನ್ನು ಓದಲು ಕಲಿಯಿರಿ, ಕಷ್ಟವೇನಿಲ್ಲ. ಮೇಲೆ 'ಓದಲಾಗಿದೆ' ಎಂದು ಹಿಂದಿನ ಪತ್ರ, ಆದೇಶಗಳ ಪಟ್ಟಿ ಇರುತ್ತದೆ. ನಂತರ 'ಪ್ರಸ್ತಾವನೆ', ಇದನ್ನು ಯಾಕೆ ಮಾಡುತ್ತಿದ್ದೇವೆ ಎಂದು ಸರ್ಕಾರ ಹೇಳುವ ಜಾಗ ಅದು. ಆಮೇಲೆ ಆದೇಶ, ಷರತ್ತುಗಳು. ಹಣದ ವಿಷಯವಿದ್ದರೆ ಕೊನೆಯಲ್ಲಿ ಆರ್ಥಿಕ ಇಲಾಖೆಯ ಸಹಮತಿಯ ಸಾಲು. ಪತ್ರಿಕೆಯಲ್ಲಿ ಘೋಷಣೆ ಓದಿ ಖುಷಿಪಡುವ ಮೊದಲು ಆ ಸಾಲು ಇದೆಯೇ ನೋಡಿ.

ಜಾರಿಯಾದ ಮೇಲೆ

ಇಲ್ಲಿಗೆ ಮುಗಿಯುವುದಿಲ್ಲ ಅಲ್ವಾ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಮೊಟ್ಟೆ ವಾರಕ್ಕೆ 6 ದಿನ ಆಯಿತು. ಒಂದು ಮೊಟ್ಟೆಗೆ 6 ರೂಪಾಯಿ ದರ ಇಟ್ಟಿದ್ದರು. ಕೊಳ್ಳುವುದು, ಸಾಗಿಸುವುದು, ಬೇಯಿಸುವುದು, ಸುಲಿಯುವುದು ಎಲ್ಲವೂ ಅದರಲ್ಲೇ. ಪೇಟೆಯಲ್ಲಿ ಬೆಲೆ ಏರಿದಾಗ ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕಾಯಿತು.

ಇಂಥ ತೊಡಕು ನಿಮ್ಮ ಶಾಲೆಯಲ್ಲಿ ಕಂಡರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಎತ್ತಿ. ಆ ತಿಂಗಳು ಎಷ್ಟು ಮೊಟ್ಟೆ ಬಂತು, ಯಾವ ಬೆಲೆಗೆ, ಎಷ್ಟು ಹಣ ಕಡಿಮೆ ಬಿತ್ತು ಎಂದು ನಡಾವಳಿಯಲ್ಲಿ ಬರೆಸಿ. ಒಂದು ಪ್ರತಿಯನ್ನು ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಅಕ್ಕಪಕ್ಕದ ಶಾಲೆಗಳಿಗೂ ಹಾಗೇ ಮಾಡಲು ಹೇಳಿ. ಒಂದೇ ತಾಲ್ಲೂಕಿನ ಹತ್ತಾರು ಶಾಲೆಗಳಿಂದ ಒಂದೇ ಲೆಕ್ಕ ಬಂದರೆ, ದರ ಬದಲಿಸಬೇಕು ಎನ್ನುವ ಟಿಪ್ಪಣಿ ಕಡತದಲ್ಲಿ ಬರೆಯಲು ಅಧಿಕಾರಿಗೂ ಆಧಾರ ಸಿಗುತ್ತದೆ.