ಗುರುತಿಲ್ಲದ ಫೈಲ್ ಬಂತೇ? ಡಬಲ್ ಕ್ಲಿಕ್ ಮಾಡಬೇಡಿ, ಮೊದಲು ಒಳಗೆ ಇಣುಕಿ

ಗೊತ್ತಿಲ್ಲದ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಚುಕ್ಕೆಯ ನಂತರ ಬರುವ ಅಕ್ಷರಗಳು) ಇರುವ ಫೈಲ್ ಕಂಡರೆ ಕೆಲವರು ಸೀದಾ ಡಬಲ್ ಕ್ಲಿಕ್ ಮಾಡುತ್ತಾರೆ. ಇನ್ನು ಕೆಲವರು ಹೆಸರಿನ ಕೊನೆಗೆ ಜೆಪಿಜಿ ಅಂತ ಸೇರಿಸಿ, ಫೋಟೊ ತೆರೆದುಕೊಳ್ಳಲಿ ಎಂದು ಕಾಯುತ್ತಾರೆ. ಎರಡೂ ಬೇಡ. ಹೆಸರು ಬದಲಿಸಿದರೆ ಒಳಗಿನ ಸರಕು ಬದಲಾಗುವುದಿಲ್ಲ.

1. ಪೂರ್ತಿ ಹೆಸರು ಕಾಣಲಿ

ವಿಂಡೋಸ್ ತನಗೆ ಪರಿಚಯವಿರುವ ಎಕ್ಸ್‌ಟೆನ್ಶನ್‌ಗಳನ್ನು ಬಚ್ಚಿಡುತ್ತದೆ. ಹಾಗಾಗಿ 'ಬಿಲ್.ಪಿಡಿಎಫ್.ಇಎಕ್ಸ್‌ಇ' ನಿಮಗೆ 'ಬಿಲ್.ಪಿಡಿಎಫ್' ಎಂದಷ್ಟೇ ಕಾಣುತ್ತದೆ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ವೈರಸ್ ಜಗತ್ತಿನ ತುಂಬಾ ಹರಡಿದ್ದು ಈ ದಾರಿಯಲ್ಲೇ: ಟಿಎಕ್ಸ್‌ಟಿ ಕಾಣುತ್ತಿತ್ತು, ಅದರ ಹಿಂದೆ ವಿಬಿಎಸ್ (ಒತ್ತಿದರೆ ಓಡುವ ಸ್ಕ್ರಿಪ್ಟ್) ಅಡಗಿತ್ತು. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಒತ್ತಿ. ಇಷ್ಟಾದರೂ ಶಾರ್ಟ್‌ಕಟ್ ಫೈಲ್‌ನ ಎಲ್‌ಎನ್‌ಕೆ ಕಾಣುವುದಿಲ್ಲ. ಅದಕ್ಕೇ ಡೀಟೇಲ್ಸ್ ವ್ಯೂ ಇಟ್ಟುಕೊಂಡು 'ಟೈಪ್' ಕಾಲಂ ಓದಿ.

2. ಅಪಾಯದವನ್ನು ಬೇರೆ ಮಾಡಿ

ಇಎಕ್ಸ್‌ಇ, ಎಸ್‌ಸಿಆರ್, ಬಿಎಟಿ, ವಿಬಿಎಸ್, ಜೆಎಸ್, ಎಚ್‌ಟಿಎ, ಎಂಎಸ್‌ಐ: ಇವು ಒತ್ತಿದೊಡನೆ ಓಡುವ ಬಗೆಯವು, ನೀವು ಕೇಳದೇ ಬಂದಿದ್ದರೆ ಡಿಲೀಟ್ ಮಾಡಿ, ಯೋಚನೆ ಬೇಡ. ಡಿಒಸಿಎಂ, ಎಕ್ಸ್‌ಎಲ್‌ಎಸ್‌ಎಂ ಎಂಬ ವರ್ಡ್, ಎಕ್ಸೆಲ್ ಫೈಲ್‌ಗಳಲ್ಲಿ ಮ್ಯಾಕ್ರೊ (ಒಳಗೆ ಅಡಗಿಸಿಟ್ಟ ಪುಟ್ಟ ಪ್ರೋಗ್ರಾಂ) ಇರಬಹುದು. 'ಎನೇಬಲ್ ಕಂಟೆಂಟ್' ಒತ್ತಲೇಬೇಡಿ.

3. ನೋಟ್‌ಪ್ಯಾಡ್‌ನಲ್ಲಿ ಇಣುಕಿ

ಜನ ಎಡವುವುದು ಇಲ್ಲೇ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ವಿತ್'ಗೆ ಹೋಗಿ, ಅವಸರದಲ್ಲಿ 'ಆಲ್ವೇಸ್' ಒತ್ತಿಬಿಡುತ್ತಾರೆ. ಆಮೇಲೆ ಆ ಬಗೆಯ ಫೈಲ್‌ಗಳೆಲ್ಲ ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತವೆ. ಹಾಗಲ್ಲ. ಮೊದಲು ಖಾಲಿ ನೋಟ್‌ಪ್ಯಾಡ್ ತೆರೆಯಿರಿ. ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ 'ಆಲ್ ಫೈಲ್ಸ್' ಆರಿಸಿ, ಬೇಕಾದ ಫೈಲ್ ಹಿಡಿಯಿರಿ. (ಟೈಪ್ ಕಾಲಂ ಶಾರ್ಟ್‌ಕಟ್ ಅಂದಿದ್ದರೆ ಇದು ಬೇಡ. ಭಾರಿ ಗಾತ್ರದ ವಿಡಿಯೊಗೂ ಬೇಡ, ನೋಟ್‌ಪ್ಯಾಡ್ ಒದ್ದಾಡುತ್ತದೆ.)

ಪರದೆ ತುಂಬಾ ಕಸದಂಥ ಚಿಹ್ನೆ ಬರುತ್ತದೆ, ಗಾಬರಿ ಬೇಡ. ನಮಗೆ ಬೇಕಾದ್ದು ಮೊದಲ ಕೆಲವು ಅಕ್ಷರ ಮಾತ್ರ. ಶೇಕಡಾ ಚಿಹ್ನೆಯ ನಂತರ ಇಂಗ್ಲಿಷಿನ ಪಿ, ಡಿ, ಎಫ್ ಇದ್ದರೆ ಅದು ಪಿಡಿಎಫ್. ಪಿ, ಕೆ ಇದ್ದರೆ ಜಿಪ್. ಈಗಿನ ವರ್ಡ್, ಎಕ್ಸೆಲ್ ಫೈಲ್‌ಗಳೂ ಒಳಗೆ ಜಿಪ್ಪೇ. ಎಂ, ಝಡ್ ಇದ್ದರೆ ವಿಂಡೋಸ್ ಪ್ರೋಗ್ರಾಂ. ಫೋಟೊ ಎಂದು ಬಂದ ಫೈಲ್ ಎಂ, ಝಡ್‌ನಿಂದ ಶುರುವಾದರೆ ಅದು ಮೋಸವೇ. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ಸೇವ್ ಮಾಡಿದರೆ ಒಳ್ಳೆಯ ಫೈಲೂ ಕೆಡುತ್ತದೆ.

ಗುರುತು ಸರಿಯಿದ್ದ ಮಾತ್ರಕ್ಕೆ ಪೂರ್ತಿ ನಂಬಬೇಡಿ. ನಿಜವಾದ ಪಿಡಿಎಫ್‌ನಲ್ಲೂ ಕೆಟ್ಟ ಲಿಂಕ್ ಇರಬಹುದು, ಅಲ್ವಾ?

4. ಅನುಮಾನ ಉಳಿದರೆ ವೈರಸ್‌ಟೋಟಲ್

ಇದು ಫೈಲ್ ಪರೀಕ್ಷಿಸುವ ವೆಬ್ ತಾಣ. ಅಲ್ಲಿ ಹಾಕಿದರೆ ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ನೋಡುತ್ತವೆ. ಆದರೆ ಹಾಕಿದ ಫೈಲ್ ಬೇರೆಯವರ ಕೈಗೂ ಹೋಗುತ್ತದೆ. ಬ್ಯಾಂಕ್, ಆಸ್ಪತ್ರೆ ಕಾಗದ ಹಾಕಬೇಡಿ.

5. ಸಾಧು ಫೈಲ್‌ಗಳು

ಎಚ್‌ಇಐಸಿ ಐಫೋನ್ ಫೋಟೊ. ಸಿಆರ್‌ಡೌನ್‌ಲೋಡ್ ಎಂದರೆ ಕ್ರೋಮ್‌ನಲ್ಲಿ ಅರ್ಧಕ್ಕೆ ನಿಂತ ಡೌನ್‌ಲೋಡ್, ಮತ್ತೆ ಇಳಿಸಿಕೊಳ್ಳಿ. ಜಿಪ್‌ನಂಥ 7ಝಡ್‌ಗೆ 7-ಜಿಪ್, ಎಂಕೆವಿ ವಿಡಿಯೊಗೆ ವಿಎಲ್‌ಸಿ ಸಾಕು, ಎರಡೂ ಉಚಿತ. 'ಯಾವ ಫೈಲ್ ಬೇಕಾದರೂ ತೆರೆಯುತ್ತೇವೆ' ಎನ್ನುವ ಓಪನರ್ ಸಾಫ್ಟ್‌ವೇರ್ ಮಾತ್ರ ಹಾಕಿಕೊಳ್ಳಬೇಡಿ. ಬೇಡದ ಜಾಹೀರಾತು, ಟೂಲ್‌ಬಾರ್ ಜೊತೆಗೇ ಬರುತ್ತವೆ.

ನಿಮ್ಮದೇ ಹಳೆಯ ಫೈಲ್‌ಗಳೆಲ್ಲ ಒಮ್ಮೆಲೇ ವಿಚಿತ್ರ ಎಕ್ಸ್‌ಟೆನ್ಶನ್ ಪಡೆದಿದ್ದರೆ ಅದು ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಇರಬಹುದು. ತಕ್ಷಣ ವೈಫೈ ಆಫ್ ಮಾಡಿ, ಹೊರಗಿನ ಡಿಸ್ಕ್ ಕಿತ್ತುಬಿಡಿ. ಬೇರೆ ಕಂಪ್ಯೂಟರ್‌ನಿಂದ 'ನೋ ಮೋರ್ ರ‍್ಯಾನ್ಸಮ್' ತಾಣ ನೋಡಿ. ಯೂರೋಪೋಲ್ (ಯುರೋಪಿನ ಪೊಲೀಸ್ ಸಂಸ್ಥೆ) ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ ಸೇರಿ 2016ರಲ್ಲಿ ಶುರು ಮಾಡಿದ್ದು, ಬೀಗ ತೆಗೆಯುವ ಟೂಲ್‌ಗಳು ಅಲ್ಲಿ ಉಚಿತ. ನಿಮ್ಮದಕ್ಕೆ ಇಂದು ಟೂಲ್ ಸಿಗದಿದ್ದರೂ ಬೀಗ ಬಿದ್ದ ಫೈಲ್‌ಗಳನ್ನು ಅಳಿಸಬೇಡಿ. ಮುಂದೆ ಬರಬಹುದು.