ಸುಣ್ಣದ ನೀರಿಗೆ ಸುಣ್ಣವನ್ನೇ ಹಾಕಿ ಮೆದು ಮಾಡಿದ ನನ್ನ ಅನುಭವ

ಬಾಗಲಕೋಟೆಯ ವಿದ್ಯಾಗಿರಿ, ನವನಗರದ ಕಡೆ ಸೋಲಾರ್ ವಾಟರ್ ಹೀಟರ್ ಕೂರಿಸುವವರಿಗೆ ಇಲ್ಲಿಯ ಬೋರಿನ ನೀರಿನ ಗುಣವನ್ನು ನಾನು ಹೇಳಿಕೊಡಬೇಕಾಗಿಲ್ಲ. ಊರಿನ ಸುತ್ತಲೂ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳನ್ನು ಸಾಕಿದ ಆ ಕಲ್ಲೇ ನಮ್ಮ ನಳಗಳಲ್ಲಿ ಕರಗಿ ಬರುತ್ತದೆ. ಹೊಸ ಟ್ಯೂಬು ಹಾಕಿ ಎರಡು ಬೇಸಿಗೆ ಕಳೆಯುವುದರೊಳಗೆ ಒಳಗೆಲ್ಲ ಬಿಳಿ ಚಕ್ಕೆ ತುಂಬಿ ನೀರು ಕಾಯುವುದು ನಿಧಾನವಾಗುತ್ತದೆ, ಗೀಜರಿನ ಕಾಯಿಲ್ ಸುಟ್ಟುಹೋಗುತ್ತದೆ, ಮನೆಯವರು ಬೈಯುವುದು ಮಾತ್ರ ಕೂರಿಸಿದವನನ್ನು.

ನನ್ನ ಮನೆಯ ಬೋರಿನ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಸುಣ್ಣದಂಥ ಅಂಶ, ಹನಿ ಲೆಕ್ಕದ ಕಿಟ್‌ನಲ್ಲಿ ಲೀಟರಿಗೆ ಹೆಚ್ಚುಕಡಿಮೆ 650 ಮಿಲಿಗ್ರಾಂ ಬರುತ್ತಿತ್ತು. ಭಾರತೀಯ ಮಾನಕವು ಕುಡಿಯುವ ನೀರಿಗೆ 200 ಇರಲಿ ಎನ್ನುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಹಿಡಿದು ಬಂದು ಗಡಸುತನ ತೋರಿಸುತ್ತೇನೆಂದವರ ಮಾತನ್ನು ನಂಬಬೇಡಿ, ಆ ಮೀಟರಿಗೆ ಉಪ್ಪೂ ಒಂದೇ, ಸುಣ್ಣವೂ ಒಂದೇ.

ಮೊದಲು ಹಣ ಹೋದದ್ದು ಪೈಪಿಗೆ ಕಟ್ಟುವ ಅಯಸ್ಕಾಂತದ ಉಪಕರಣಕ್ಕೆ. ಆರು ಸಾವಿರದಷ್ಟು ಕೊಟ್ಟು ಕಟ್ಟಿಸಿದ ಮೇಲೂ ಬಕೀಟಿನ ಬಿಳಿ ಕರೆ ಹಾಗೆಯೇ ಉಳಿಯಿತು. ಆಮೇಲೆ ಮೂವತ್ತು ಸಾವಿರದ ಆಸುಪಾಸಿನಲ್ಲಿ ರಾಳದ ಸಾಫ್ಟ್‌ನರ್ ತಂದೆ; ರಾಳದ ಮಣಿಗಳು ನೀರಿನ ಸುಣ್ಣವನ್ನು ಹಿಡಿಯುತ್ತವೆ, ಆ ಮಣಿಗಳನ್ನು ಆಗಾಗ ಉಪ್ಪುನೀರಿನಿಂದ ತೊಳೆಯಬೇಕು. ಅದು ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ಸೋಪು ಕೈಯಲ್ಲಿ ಹಿಡಿದೊಡನೆ ನೊರೆ ಬಂತು. ಆದರೆ ನಮ್ಮಷ್ಟು ಗಡಸು ನೀರಿಗೆ ತಿಂಗಳಿಗೆ ಮೂವತ್ತು ಕೆ.ಜಿ.ಗಿಂತ ಹೆಚ್ಚು ಉಪ್ಪು ಸುರಿಯಬೇಕು, ಆ ಉಪ್ಪುನೀರೆಲ್ಲ ಹಿತ್ತಲಿಗೆ ಹರಿಯುತ್ತದೆ. ಫಲ ಬಿಡುತ್ತಿದ್ದ ಲಿಂಬಿಗಿಡದ ಎಲೆಯಂಚು ಮೊದಲು ಸುಟ್ಟಂತಾಗಿ, ಮಳೆಗಾಲ ಬರುವುದರೊಳಗೆ ಗಿಡವೇ ಒಣಗಿತು.

ಹೊಸ ಸುಣ್ಣ ಹಾಕಿದರೆ ನೀರಿನಲ್ಲಿ ಕರಗಿದ್ದ ಸುಣ್ಣವೂ ಅದರೊಂದಿಗೆ ಸೀಮೆಸುಣ್ಣವಾಗಿ ತಳಕ್ಕೆ ಕೂರುತ್ತದೆ. ಹೀಗೆ ಸುಣ್ಣದಿಂದಲೇ ಸುಣ್ಣವನ್ನು ತೆಗೆಯುವ ವಿಧಾನಕ್ಕೆ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು 1841ರಲ್ಲಿಯೇ ಪೇಟೆಂಟ್ ಪಡೆದಿದ್ದಾರೆ. ಆದರೂ ನಾನು ಟಾಕಿಗೆ ಸುಣ್ಣ ಸುರಿಯುತ್ತೇನೆಂದಾಗ ನಗದವರಿಲ್ಲ. ಗೌಂಡಿ ಕೆಲಸದಲ್ಲಿ ಪಳಗಿದ ನಮ್ಮ ಮಾವನವರು "ಮೊದಲ ಸುಣ್ಣದ ನೀರು, ಅದಕ್ಕ ಮತ್ತ ಸುಣ್ಣ ಹಾಕ್ತೀಯೇನಪಾ, ಮನೀ ಮಂದಿಗೆ ಏನ್ ಮಾಡಬೇಕಂತ ಮಾಡೀದಿ?" ಎಂದು ಕೇಳಿದರು. ಜೊತೆಯ ಫಿಟ್ಟರುಗಳು ಕೇಳಿದ್ದನ್ನು ಬರೆಯುವುದೇ ಬೇಡ.

ಆರಂಭದಲ್ಲಿ ಬಣ್ಣದ ಅಂಗಡಿಯಿಂದ ತಂದ ಪುಡಿ ಸುಣ್ಣ ಕೈಕೊಟ್ಟಿತು. ಚೀಲ ಎಷ್ಟು ದಿನ ಗಾಳಿಗೆ ಬಿಚ್ಚಿಕೊಂಡಿತ್ತೋ, ಅರ್ಧಕ್ಕರ್ಧ ಆಗಲೇ ಸತ್ತು ಸೀಮೆಸುಣ್ಣವಾಗಿತ್ತು. ಈಗ ಭಟ್ಟಿಯ ಹರಳು ಸುಣ್ಣವನ್ನೇ ತರುತ್ತೇನೆ. ನೀರು ಚಿಮುಕಿಸಿದರೆ ಅದು ಸುಂಯ್ ಎಂದು ಬಿರಿದು ಕೈ ಇಡಲಾಗದಷ್ಟು ಬಿಸಿಯಾಗಬೇಕು, ಆಗದಿದ್ದರೆ ಮರಳಿ ಕಳಿಸುತ್ತೇನೆ. ಅರಳಿಸುವಾಗ ಕಣ್ಣಿಗೆ ಕನ್ನಡಕವಿರಲಿ. ಅರಳಿದ್ದನ್ನು ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಳದ ಡ್ರಮ್ಮಿನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಸಾವಿರ ಲೀಟರಿನ ಟಾಕಿಗೆ, ನೀರು ಬಿಟ್ಟು ಒಣಸುಣ್ಣದ ಲೆಕ್ಕದಲ್ಲಿ ಹೇಳುವುದಾದರೆ, 400 ಗ್ರಾಂನಷ್ಟು ಸಾಕಾಗುತ್ತದೆ. ಅರಳಿದ ಸುಣ್ಣವನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದ ಸುಣ್ಣದ ಹಾಲನ್ನು ಮೋಟಾರು ಓಡುತ್ತಿರುವಾಗಲೇ ಬೀಳುವ ನೀರಿನ ಧಾರೆಗೆ ಹೊಯ್ದರೆ ಬೇರೆ ಕಲಕುವ ಕೆಲಸವಿಲ್ಲ. ಪ್ರಮಾಣ ಮೀರಿತೋ ಇಲ್ಲವೋ ಎಂದು ನೋಡಲು, ತಿಳಿಯಾದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಸ್ಟ್ರಾ ಇಟ್ಟು ಊದಬೇಕು, ಹೀರಬಾರದು. ನೀರು ಬೆಳ್ಳಗೆ ಮಬ್ಬಾದರೆ ಸುಣ್ಣ ಹೆಚ್ಚಾಗಿದೆ. ರಾತ್ರಿಯಿಡೀ ನಿಲ್ಲಿಸಿ, ತಳದಿಂದ ಒಂದು ಗೇಣು ಮೇಲೆ ಕೂರಿಸಿದ ನಳದಿಂದ ತಿಳಿನೀರನ್ನಷ್ಟೇ ಎರಡನೆಯ ಟಾಕಿಗೆ ಬಿಡುತ್ತೇನೆ.

ಇಷ್ಟಾದರೂ ಮೊದಲ ಕೆಲವು ತಿಂಗಳು ಸೋಲಾರಿನ ಟ್ಯೂಬಿನಲ್ಲಿ ಬಿಳಿ ಪುಡಿ ಕೂರುವುದು ನಿಲ್ಲಲಿಲ್ಲ, ಏಕೆಂದರೆ ಕಣ್ಣಿಗೆ ತಿಳಿಯಾಗಿ ಕಂಡ ನೀರಿನಲ್ಲಿ ಇನ್ನೂ ಕೂರಬೇಕಾದ ಸುಣ್ಣ ಉಳಿದಿರುತ್ತದೆ, ಬಿಸಿ ತಾಗಿದೊಡನೆ ಅದು ಅಲ್ಲಿಯೇ ಇಳಿಯುತ್ತದೆ. ದಾರಿ ಸಿಕ್ಕದ್ದು ತಳದ ಕೆಸರಿನಲ್ಲಿ. ಪ್ರತಿ ಸಲ ಅದನ್ನು ಪೂರ್ತಿ ತೊಳೆದು ತೆಗೆಯುವ ಬದಲು ನಾಲ್ಕು ಬೆರಳಿನಷ್ಟನ್ನು ಟಾಕಿಯಲ್ಲೇ ಬಿಟ್ಟೆ. ಹೊಸ ಸುಣ್ಣ ಹಳೆಯ ಹರಳುಗಳ ಮೈಗೆ ಅಂಟಿ ಬೇಗನೆ ಇಳಿಯತೊಡಗಿತು, ರಾತ್ರಿಯ ಕೆಲಸ ಮೂರು ತಾಸಿಗೆ ಮುಗಿಯಿತು. ಆಮೇಲೆ ನೀರಿನ ಕ್ಷಾರವನ್ನೂ ಇಳಿಸಬೇಕು. ಅರಿಷಿಣದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರು ಸುಣ್ಣ ಹಾಕಿದ ನೀರಿನಲ್ಲಿ ಕೆಂಪಾಗುತ್ತದೆ, ಎರಡನೆಯ ಟಾಕಿಯಲ್ಲಿ ಹಳದಿಯಾಗಿಯೇ ಉಳಿಯಬೇಕು. ಅದಕ್ಕಾಗಿ ಬಳಸುವ ಎರಡು ಪದಾರ್ಥಗಳಲ್ಲಿ ಒಂದು ಪಟಿಕ. ಇನ್ನೊಂದನ್ನು ಇಲ್ಲಿ ಬರೆಯುವುದಿಲ್ಲ, ನನಗೂ ಹೊಟ್ಟೆಪಾಡಿದೆ.

ಈಗ 650 ಇದ್ದದ್ದು 280ರ ಸುತ್ತ ನಿಲ್ಲುತ್ತದೆ. ಉಳಿದದ್ದು ಸುಣ್ಣಕ್ಕೆ ಬಗ್ಗದ ಗಡಸು; ಅದಕ್ಕೆ ಸಾವಿರ ಲೀಟರಿಗೆ 200 ಗ್ರಾಂ ಬಟ್ಟೆ ಸೋಡಾ ಸೇರಿಸಿದರೆ ನೂರರ ಹತ್ತಿರ ಬರುತ್ತದೆ, ಆದರೆ ಖರ್ಚು ಎರಡು ಪಟ್ಟಿಗೂ ಮಿಗಿಲಾಗುತ್ತದೆ. ಸೋಡಾ ಇಲ್ಲದಿದ್ದರೆ ಟಾಕಿಗೆ ಎಂಟು ರೂಪಾಯಿಗೆ ಮುಗಿಯುತ್ತದೆ. ಮಾವನವರಿಗೆ ನಾನು ಅಂಕಿ ತೋರಿಸಲಿಲ್ಲ. ಒಂದು ಟಾಕಿಯ ಕೆಸರನ್ನು ಬಿಸಿಲಿನಲ್ಲಿ ಒಣಗಿಸಿ ತೂಗಿದೆ. ಹಾಕಿದ ಸುಣ್ಣದ ಸುಮಾರು ಎರಡು ಪಟ್ಟು ತೂಗಿತು. ಹೆಚ್ಚಿನದು ಎಲ್ಲಿಂದ ಬಂತೆಂದು ಕೇಳಿದಾಗ ಅವರು ತಕ್ಕಡಿಯನ್ನೇ ಎರಡು ಸಲ ಪರೀಕ್ಷಿಸಿದರು, ಮರುವಾರ ತಮ್ಮ ಮನೆಗೂ ಟಾಕಿ ಕೂರಿಸಲು ಹೇಳಿದರು.

ಆ ಕೆಸರನ್ನು ಗೋಡೆಗೆ ಬಳಿದೂ ನೋಡಿದ್ದೇನೆ. ಬಣ್ಣ ಅಚ್ಚ ಬಿಳಿ, ಆದರೆ ಅದು ಸತ್ತ ಸುಣ್ಣವಾದ್ದರಿಂದ ಗೋಡೆಯನ್ನು ಹಿಡಿಯುವುದಿಲ್ಲ. ಒರಗಿದವರ ಅಂಗಿಗೆ ಹತ್ತುತ್ತದೆ. ಗೋಂದು ಬೆರೆಸಿದಾಗ ಕಂಪೌಂಡಿಗೆ ನಡೆಯಿತು. ಗಡಸಿಲ್ಲದ ನೀರಿನ ಗುಣ ನೋಡಲು ಮಾಳಿಗೆಯ ಮಳೆನೀರನ್ನು ಹಿಡಿದು ತೊಗರಿಬೇಳೆ ಬೇಯಿಸಿದ್ದೂ ಉಂಟು. ಬೋರಿನ ನೀರಿನಲ್ಲಿ ಐದು ಸೀಟಿ ಕೇಳುತ್ತಿದ್ದ ಬೇಳೆ ಮೂರಕ್ಕೇ ಕರಗಿತು.

ಸುಣ್ಣ ಹಾಕಿದ ನೀರನ್ನು ನಾನು ಸ್ನಾನ, ಬಟ್ಟೆ, ಸೋಲಾರಿಗೆ ಮಾತ್ರ ಕೊಡುತ್ತೇನೆ. ಕುಡಿಯಲು, ಅಡುಗೆಗೆ ಮಾಡಿಕೊಡಿ ಎಂದವರಿಗೆ ಆಗುವುದಿಲ್ಲ ಎಂದಿದ್ದೇನೆ. ಎಲ್ಲ ಬೋರಿಗೂ ಇದು ಹೊಂದುವುದಿಲ್ಲ; ಕುದಿಸಿದಾಗ ಇಳಿಯುವ ಗಡಸೇ ಹೆಚ್ಚಾಗಿ ಸುಣ್ಣಕ್ಕೂ ಬಗ್ಗುವುದು. ಕೆಲಸ ಒಪ್ಪಿಕೊಳ್ಳುವ ಮೊದಲು ಅವರ ನೀರನ್ನು ಪಾತ್ರೆಯಲ್ಲಿ ಕಾಲು ತಾಸು ಕುದಿಸಿ, ಸೋಸಿ, ಆವಿಯಾದಷ್ಟು ಮಳೆನೀರು ತುಂಬಿ ಮತ್ತೆ ಕಿಟ್‌ನಲ್ಲಿ ನೋಡುತ್ತೇನೆ. ಗಡಸುತನ ಅರ್ಧದಷ್ಟಾದರೂ ಇಳಿಯದಿದ್ದರೆ, ರಾಳದ ಯಂತ್ರವನ್ನೇ ತೆಗೆದುಕೊಳ್ಳಿ, ಉಪ್ಪುನೀರನ್ನು ಗಿಡಕ್ಕೆ ಬಿಡಬೇಡಿ ಎಂದು ಹೇಳಿ ಬರುತ್ತೇನೆ.